ಮನೆ ಡಾಕ್ಟರು ಕ್ಲಿನಿಕ್ ಮುಚ್ಚುತ್ತಿದ್ದಾರೆ: ಹಳೇ ಚೀಟಿಗಳಿದ್ದರೆ ಸಾಕೇ?

ಪ್ರಶ್ನೆ: ಅಪ್ಪ ಅಮ್ಮನನ್ನು 20 ವರ್ಷದಿಂದ ನೋಡುತ್ತಿದ್ದ ಡಾಕ್ಟರು ಈ ತಿಂಗಳ ಕೊನೆಗೆ ಕ್ಲಿನಿಕ್ ಮುಚ್ಚುತ್ತಿದ್ದಾರೆ. ಅಪ್ಪನಿಗೆ ಶುಗರ್, ಬಿಪಿ. ಅಮ್ಮನಿಗೆ ಥೈರಾಯ್ಡ್, ಜೊತೆಗೆ ನಿದ್ದೆಗೆಂದು ರಾತ್ರಿ ಕ್ಲೋನಾಜೆಪಾಮ್. ಚೀಟಿಗಳೆಲ್ಲ ನಮ್ಮ ಹತ್ತಿರ ಇವೆ. ಇನ್ನೇನು ಬೇಕು ಸರ್?

ಉತ್ತರ (ಜನರಲ್ ಪ್ರಾಕ್ಟೀಷನರ್): ಚೀಟಿ ಸಾಲದು. ಕೊಟ್ಟ ಮಾತ್ರೆ ಅದರಲ್ಲಿರುತ್ತದೆ, ನಿಲ್ಲಿಸಿದ್ದು ಯಾಕೆ ಅನ್ನುವುದು ಇರುವುದಿಲ್ಲ. ಬಿಪಿಗೆಂದು ಎನಲಾಪ್ರಿಲ್ ಕೊಟ್ಟಾಗ ಒಣಕೆಮ್ಮು ಬಂತು, ಬಿಪಿಯದ್ದೇ ಅಮ್ಲೋಡಿಪಿನ್‌ಗೆ ಕಾಲು ಊದಿತು, ಸೋಂಕಿಗೆ ಕೊಟ್ಟ ಸಲ್ಫಾಗೆ ಮೈಯೆಲ್ಲ ದದ್ದೆದ್ದಿತು ಎಂಬುದೆಲ್ಲ ಹಳೇ ಡಾಕ್ಟರ ನೆನಪಿನಲ್ಲೇ ಉಳಿದಿರುತ್ತದೆ. ಗೊತ್ತಿಲ್ಲದ ಹೊಸಬರು ಅದೇ ಮಾತ್ರೆ ಮತ್ತೆ ಬರೆಯುತ್ತಾರೆ; ಕಾಲು ಊದಿದರೆ ಅದಕ್ಕೊಂದು ನೀರಿನ ಮಾತ್ರೆ (ಮೂತ್ರ ಹೆಚ್ಚಿಸುವ ಮಾತ್ರೆ) ಸೇರುತ್ತದೆ.

ಹಾಗಾಗಿ ಮುಚ್ಚುವ ಮೊದಲೇ ಹೋಗಿ ಲೆಟರ್‌ಹೆಡ್‌ನಲ್ಲಿ ತಲಾ ಒಂದು ಪುಟ ಬರೆಸಿಕೊಳ್ಳಿ. ಕಾಯಿಲೆ ಯಾವ ವರ್ಷ ಶುರುವಾಯಿತು, ಈಗಿನ ಔಷಧಿಯ ಜೆನರಿಕ್ ಹೆಸರು (ಬ್ರ್ಯಾಂಡ್ ಅಲ್ಲ, ಒಳಗಿರುವ ಔಷಧಿಯ ಹೆಸರು), ಎಷ್ಟು ಮಿಲಿಗ್ರಾಂ, ಕೊನೆಯ ಎಚ್‌ಬಿಎ1ಸಿ (ಶುಗರ್ ಸರಾಸರಿ), ಕ್ರಿಯಾಟಿನಿನ್ (ಕಿಡ್ನಿ ಟೆಸ್ಟ್), ಟಿಎಸ್‌ಎಚ್ (ಥೈರಾಯ್ಡ್ ಟೆಸ್ಟ್) ತಾರೀಖಿನ ಸಮೇತ ಇರಲಿ. ಒಗ್ಗದ ಔಷಧಿಗಳನ್ನು ಎಲ್ಲಕ್ಕಿಂತ ಮೇಲೆ ಬರೆಸಿ. ಹಳೇ ಇಸಿಜಿಯನ್ನೂ ಕೇಳಿ ಪಡೆಯಿರಿ. ಎದೆನೋವೆಂದು ಆಸ್ಪತ್ರೆಗೆ ಓಡಿದ ರಾತ್ರಿ, ಕಂಡ ಬದಲಾವಣೆ ಹೊಸದೋ ಹಳೆಯದೋ ಎಂದು ಹೋಲಿಸಿ ನೋಡಲು ಅದು ಬೇಕೇಬೇಕು. ಇಸಿಜಿ ಕಾಗದದ ಮೇಲಿನ ಗೆರೆ ಕಾಲಕ್ರಮೇಣ ಮಾಸುತ್ತದೆ, ಲ್ಯಾಮಿನೇಟ್ ಮಾಡಿದರೆ ಬಿಸಿಗೆ ಕಪ್ಪಾಗುತ್ತದೆ. ಜೆರಾಕ್ಸ್ ಮಾಡಿಸಿ.

ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿ ಹೇಳುತ್ತದೆ. ಆದರೆ 3 ವರ್ಷ ಇಟ್ಟುಕೊಳ್ಳಬೇಕೆಂಬ ನಿಯಮ ಅದರಲ್ಲಿ ಒಳರೋಗಿಗಳ, ಅಂದರೆ ಆಸ್ಪತ್ರೆಯಲ್ಲಿ ದಾಖಲಾದವರ ದಾಖಲೆಗೆ ಮಾತ್ರ. ಕ್ಲಿನಿಕ್ ಮುಚ್ಚಿದ ಮೇಲೆ ಕೇಳೋಣ ಎಂದು ಬಿಡಬೇಡಿ.

ಮಾತ್ರೆ ಮುಗಿದ ದಿನ ಹೊಸ ಡಾಕ್ಟರನ್ನು ಹುಡುಕುವುದೂ ಬೇಡ, ಎರಡು ವಾರದ್ದು ಕೈಯಲ್ಲಿರುವಾಗಲೇ ಹೋಗಿ. ಅಮ್ಮನ ಕ್ಲೋನಾಜೆಪಾಮ್ ಚೀಟಿ ಇಲ್ಲದೆ ಅಂಗಡಿಯಲ್ಲಿ ಕೊಡುವಂತಿಲ್ಲ. ವರ್ಷಗಟ್ಟಲೆ ತೆಗೆದುಕೊಂಡವರು ಥಟ್ಟನೆ ಬಿಟ್ಟರೆ ನಿದ್ದೆಗೆಡುವುದಷ್ಟೇ ಅಲ್ಲ, ಕೈನಡುಕ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಅಪ್ಪನ ಚೀಟಿಯಲ್ಲಿ ಬಿಪಿಯ ಮೆಟೊಪ್ರೊಲಾಲ್ ಅಥವಾ ಅಟೆನೊಲಾಲ್ ಇದ್ದರೆ ಅದನ್ನೂ ಒಮ್ಮೆಗೇ ನಿಲ್ಲಿಸಬಾರದು.

ಮರುಪ್ರಶ್ನೆ: ಹೊಸ ಡಾಕ್ಟರು ಎಲ್ಲ ಟೆಸ್ಟ್ ಮತ್ತೆ ಮಾಡಿಸಿ ಅಂದರೆ?

ಉತ್ತರ (ಅದೇ ವೈದ್ಯರು): ರಿಪೋರ್ಟ್ ತೋರಿಸಿ ಕೇಳಿ, ಅದರಲ್ಲಿ ಸಂಕೋಚ ಬೇಡ. ಎಚ್‌ಬಿಎ1ಸಿ ಹೇಳುವುದು ಸುಮಾರು 3 ತಿಂಗಳ ಸರಾಸರಿ. ಔಷಧಿ ಬದಲಾಗದಿದ್ದರೆ ಹೋದ ತಿಂಗಳ ರಿಪೋರ್ಟೇ ಸಾಕು. ಥೈರಾಯ್ಡ್ ಡೋಸ್ ಬದಲಿಸಿದರೆ ಮಾತ್ರ 6ರಿಂದ 8 ವಾರಕ್ಕೆ ಟಿಎಸ್‌ಎಚ್ ನೋಡಬೇಕು. ಕ್ರಿಯಾಟಿನಿನ್ ಹಳೆಯದಾಗಿದ್ದರೆ ಮಾಡಿಸಿಬಿಡಿ, ಶುಗರ್‌ನ ಮೆಟ್‌ಫಾರ್ಮಿನ್ ಮಾತ್ರೆ ಎಷ್ಟು ಕೊಡಬಹುದು ಎಂಬುದಕ್ಕೆ ಅದು ಬೇಕು. ಒಬ್ಬರನ್ನು ಆರಿಸಿದ ಮೇಲೆ ಅವರಲ್ಲೇ ಇರಿ. 2022ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನದಲ್ಲಿ, ಒಬ್ಬರೇ ಡಾಕ್ಟರ ಬಳಿ 15 ವರ್ಷಕ್ಕೂ ಹೆಚ್ಚು ಕಾಲ ಇದ್ದವರಲ್ಲಿ ತುರ್ತಾಗಿ ಆಸ್ಪತ್ರೆ ಸೇರುವುದೂ ಸಾವೂ, ಒಂದೇ ವರ್ಷ ಇದ್ದವರಿಗಿಂತ ಕಾಲು ಭಾಗದಷ್ಟು ಕಡಿಮೆ ಕಂಡಿತ್ತು.

ಉತ್ತರ (ಫಾರ್ಮಸಿಸ್ಟ್): ಒಂದು ಮಾತು ಸೇರಿಸುತ್ತೇನೆ. ಡಾಕ್ಟರು ಬದಲಾದಾಗ ಬ್ರ್ಯಾಂಡ್ ಬದಲಾಗುತ್ತದೆ. ಒಳಗಿರುವುದು ಶುಗರ್‌ನ ಅದೇ ಗ್ಲಿಮೆಪಿರೈಡ್, ಸ್ಟ್ರಿಪ್‌ನ ಬಣ್ಣ ಬೇರೆ. ವಯಸ್ಸಾದವರು ಹಳೆಯದನ್ನೂ ಹೊಸದನ್ನೂ ನುಂಗಿ ಶುಗರ್ ಕುಸಿದು ಬೀಳುವುದು ಹೀಗೆ. ಹೊಸ ಚೀಟಿ ಬಂದ ದಿನವೇ ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನು ಒಂದು ಚೀಲದಲ್ಲಿ ಹಾಕಿ ಅಂಗಡಿಗೆ ತನ್ನಿ. ಬ್ರ್ಯಾಂಡಿನ ಕೆಳಗೆ ಸಣ್ಣಕ್ಷರದಲ್ಲಿರುವ ಹೆಸರು ನೋಡಿ ಒಂದೇ ಆಗಿರುವುದನ್ನು ಬೇರೆ ಮಾಡಿಕೊಡುತ್ತೇವೆ. ಥೈರಾಯ್ಡ್ ಮಾತ್ರೆ ಮಾತ್ರ ಆದಷ್ಟೂ ಹಳೇ ಬ್ರ್ಯಾಂಡೇ ಇರಲಿ ಎಂದು ಹೊಸ ಡಾಕ್ಟರಿಗೆ ಹೇಳಿ.