ಭೀಮನಿಗೆ ಮನೆ ಹುಡುಕೋಣ, ಆದರೆ ಆತುರ ಬೇಡ ಪುಟ್ಟಿ

ಪುಟ್ಟಿ, ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜ್ ಬೆಳಿಗ್ಗೆನೇ ನೋಡಿದೆ. ಆಗಿನಿಂದ ಯಾವ ಕೆಲಸದಲ್ಲೂ ಮನಸ್ಸು ನಿಲ್ಲುತ್ತಿಲ್ಲ. ಎದುರಿಗೆ ಕೂತು ಮಾತಾಡಿದ ಹಾಗೇ ಹೇಳುತ್ತಿದ್ದೇನೆ, ಉದ್ದ ಆಗುತ್ತದೆ, ಪೂರ್ತಿ ಕೇಳಿಸಿಕೋ.

ಅತ್ತೆ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ 42 ಕೆಜಿ ತೂಗುವ ನಿಮ್ಮ ನಾಯಿ ಭೀಮನನ್ನು ಆ ಮನೆಯಲ್ಲಿ ಇಟ್ಟುಕೊಳ್ಳೋದು ಆಗುತ್ತಿಲ್ಲ ಅಂದಿದ್ದೀಯ. ಈ ತಿಂಗಳ ಕೊನೆಯೊಳಗೆ ಯಾರಾದರೂ ಸರಿ ಕರೆದುಕೊಂಡು ಹೋಗಲಿ, ದುಡ್ಡೇನೂ ಬೇಡ ಅಂತಲೂ ಅಂದಿದ್ದೀಯ. ಮೊದಲನೇ ಮಾತು ಸರಿಯಾಗಿದೆ. ವಾಕರ್ ಹಿಡಿದು ಒಂದೊಂದೇ ಹೆಜ್ಜೆ ಇಡುವವರ ಕಾಲಿಗೆ ಭೀಮ ಪ್ರೀತಿಯಿಂದ ಒರಗಿದರೂ ಸಾಕು, ಅವರು ಮತ್ತೆ ಬೀಳುತ್ತಾರೆ. ನೀನು ತಪ್ಪು ಮಾಡುತ್ತಿಲ್ಲ. ಬೆಳಿಗ್ಗೆಯಿಂದ ಗ್ರೂಪಿನಲ್ಲಿ ಇಷ್ಟು ಮಾತಾಯಿತು, ಇದನ್ನು ಯಾರೂ ನಿನಗೆ ಹೇಳಲಿಲ್ಲ, ಅದಕ್ಕೇ ಮೊದಲು ಹೇಳಿದೆ. ಆದರೆ ಆ ‘ಯಾರಾದರೂ ಸರಿ’ ಅನ್ನೋದನ್ನ ಮಾತ್ರ ವಾಪಸ್ ತಗೋ.

ನಮ್ಮ ನಾಯಿ ಶೇರುವನ್ನು ಬೇರೆಯವರಿಗೆ ಕೊಟ್ಟೆವು ಅಂತಷ್ಟೇ ನಿಮಗೆಲ್ಲ ಗೊತ್ತು. ಆಮೇಲೆ ಏನಾಯಿತು ಅಂತ ನಾನು ಯಾರ ಹತ್ತಿರವೂ ಹೇಳಿಲ್ಲ. ಎರಡೇ ದಿನದಲ್ಲಿ ಕೊಟ್ಟುಬಿಟ್ಟಿದ್ದೆವು. ಕೇಳಿದವರು ಫೋನಿನಲ್ಲಿ ನಯವಾಗಿ ಮಾತಾಡಿದರು, ಅಷ್ಟಕ್ಕೇ ಒಪ್ಪಿದೆವು, ಅವರ ಮನೆ ಹೇಗಿದೆ ಅಂತ ಹೋಗಿ ನೋಡಲಿಲ್ಲ. ಗುಡುಗು ಅಂದರೆ ಶೇರುಗೆ ಜೀವ ಹೋಗುವಷ್ಟು ಭಯ. ಅದನ್ನೂ ಹೇಳಲಿಲ್ಲ, ಹೇಳಿದರೆ ಎಲ್ಲಿ ಬೇಡ ಅಂದುಬಿಡುತ್ತಾರೋ ಅಂತ. ಐದನೇ ರಾತ್ರಿ ಗುಡುಗಿ ಮಳೆ ಬಂತು, ಅವನು ಕಾಂಪೌಂಡ್ ಹಾರಿ ಓಡಿಹೋದ. ಮೂರು ದಿನ ಹುಡುಕಿದೆವು. ಸಿಕ್ಕಾಗ ಪಾದಗಳೆಲ್ಲ ಒಡೆದು ರಕ್ತ ಬರುತ್ತಿತ್ತು. ನನ್ನನ್ನು ನೋಡಿದರೂ ಏಳಲಿಲ್ಲ, ಮಲಗಿದಲ್ಲೇ ಬಾಲವನ್ನು ಎರಡು ಸಲ ನೆಲಕ್ಕೆ ಬಡಿದ, ಅಷ್ಟೇ. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ ಪುಟ್ಟಿ. ಅವನನ್ನು ಕರೆದುಕೊಂಡು ಹೋದವರ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಹೇಳಬೇಕಾದ್ದನ್ನು ನಾನು ಹೇಳಿರಲಿಲ್ಲ.

ದೊಡ್ಡಪ್ಪ, ತೋಟಕ್ಕೆ ಕೊಟ್ಟರೆ ಆರಾಮಾಗಿ ಓಡಾಡಿಕೊಂಡಿರುತ್ತಾನೆ ಅಂದಿರಿ. ನೀವು ಒಳ್ಳೇ ಮನಸ್ಸಿನಿಂದಲೇ ಹೇಳಿದ್ದು, ಗೊತ್ತು. ಆದರೆ ಅವನು ಆರು ವರ್ಷ ಮನೆಯೊಳಗೆ ಬೆಳೆದವನು. ರಾತ್ರಿ ಎರಡು ಸಲ ಎದ್ದು ಎಲ್ಲರೂ ಮಲಗಿದ್ದಾರಾ ಅಂತ ಒಂದೊಂದೇ ರೂಮಿಗೆ ಇಣುಕಿ ಬರುತ್ತಾನೆ. ಅಂಥವನನ್ನು ಕಾವಲಿಗೆ ಅಂತ ಚೈನಿನಲ್ಲಿ ಕಟ್ಟಿಹಾಕಿದರೆ ಎಷ್ಟು ಎಕರೆ ಜಾಗ ಇದ್ದರೂ ಅವನಿಗೆ ಸಿಗೋದು ಆ ಚೈನಿನಷ್ಟೇ ಜಾಗ. ಜಾಗಕ್ಕಿಂತ ಅವನಿಗೆ ಜನ ಬೇಕು. ತೋಟದವರೂ ಅವನನ್ನು ಮನೆಯೊಳಗೆ ಸೇರಿಸಿಕೊಳ್ಳುತ್ತಾರೆ ಅಂದರೆ ಖಂಡಿತ ನೋಡೋಣ. ಇನ್ನು, ದೂರ ಎಲ್ಲಾದರೂ ಬಿಟ್ಟು ಬಂದರೆ ಹೇಗೋ ಬದುಕಿಕೊಳ್ಳುತ್ತದೆ ಅಂತ ಒಂದು ಮಾತು ಬಂತು. ಬದುಕುವುದಿಲ್ಲ. ಅಲ್ಲಿರುವ ನಾಯಿಗಳು ಕಚ್ಚುತ್ತವೆ, ಗಾಡಿ ಅಂದರೆ ಏನು ಅಂತ ಅವನಿಗೆ ಗೊತ್ತಿಲ್ಲ, ಬಿಟ್ಟ ಜಾಗದಲ್ಲೇ ನಿಮ್ಮ ದಾರಿ ಕಾಯುತ್ತಾ ಕೂತಿರುತ್ತಾನೆ. ದಯವಿಟ್ಟು ಆ ಮಾತು ಮತ್ತೆ ಬೇಡ.

ಈಗ ಏನು ಮಾಡೋಣ ಅಂದರೆ, ಅಪರಿಚಿತರಿಗೆ ಹೇಳೋ ಮೊದಲು ಅವನನ್ನು ನೋಡಿದವರನ್ನೇ ಕೇಳೋಣ. ಅವನ ಡಾಕ್ಟರ್‌ಗೆ ಒಂದು ಫೋನ್ ಮಾಡು. ಯಾರ ಮನೆಯ ದೊಡ್ಡ ನಾಯಿ ಇತ್ತೀಚೆಗೆ ತೀರಿಕೊಂಡಿದೆ, ಯಾರು ಇನ್ನೊಂದು ಸಾಕಬೇಕು ಅಂತಿದ್ದಾರೆ ಅನ್ನೋದು ಅವರಿಗೆ ಗೊತ್ತಿರುತ್ತದೆ. ವಾಕಿಂಗಿನಲ್ಲಿ ಸಿಗುವವರನ್ನೂ ಕೇಳು.

ಅವನ ಬಗ್ಗೆ ಬರೆಯುವಾಗ ಇದ್ದದ್ದು ಇದ್ದ ಹಾಗೇ ಬರಿ. ಮಕ್ಕಳ ಜೊತೆ ಸೌಮ್ಯ, ಬೆಕ್ಕು ಕಂಡರೆ ಅಟ್ಟಿಸಿಕೊಂಡು ಹೋಗುತ್ತಾನೆ, ಬೇರೆ ನಾಯಿ ಕಂಡರೆ ಎಳೆಯುತ್ತಾನೆ, ಒಬ್ಬನೇ ನಾಲ್ಕು ಗಂಟೆಗಿಂತ ಜಾಸ್ತಿ ಇದ್ದರೆ ಬಾಗಿಲು ಪರಚುತ್ತಾನೆ. ಇದನ್ನೆಲ್ಲ ಓದಿ ಹತ್ತು ಜನ ಹಿಂದೆ ಸರಿದರೆ ಸರಿಯಲಿ. ಓದಿಯೂ ಬರುವ ಹನ್ನೊಂದನೆಯವರೇ ನಮಗೆ ಬೇಕಾದವರು.

ಸುಮ್ನೆ ಕೊಡುತ್ತೇವೆ ಅಂತ ಮಾತ್ರ ಹಾಕಬೇಡ. ದುಡ್ಡಿನ ಆಸೆಗೆ ಅಲ್ಲ. ಸುಮ್ನೆ ಸಿಗುತ್ತದೆ ಅಂದರೆ ಮರಿ ಹಾಕಿಸಿ ಮಾರುವವರೂ ಬರುತ್ತಾರೆ, ಕೊಂಡುಹೋಗಿ ಇನ್ನೊಬ್ಬರಿಗೆ ಮಾರುವವರೂ ಬರುತ್ತಾರೆ. ನಾಯಿಯ ಸ್ವಭಾವದ ಬಗ್ಗೆ ಒಂದು ಮಾತೂ ಕೇಳದೆ ಬ್ರೀಡ್ ಪೇಪರ್ ಇದೆಯಾ, ಆಪರೇಷನ್ ಆಗಿದೆಯಾ ಅಂತ ಶುರು ಮಾಡುವವರಿಗೆ ಅಲ್ಲೇ ಬೇಡ ಅಂದುಬಿಡು. ಅವನಿಗೆ ಸಂತಾನಹರಣದ ಆಪರೇಷನ್ ಇನ್ನೂ ಆಗಿಲ್ಲ ಅಲ್ವಾ? ಕೊಡುವ ಮೊದಲೇ ಮಾಡಿಸಿಬಿಡೋಣ, ಖರ್ಚು ನಾನು ಕೊಡುತ್ತೇನೆ.

ಬಂದವರನ್ನು ಏನು ಕೇಳಬೇಕು ಅಂತ ಒಂದು ಪಟ್ಟಿ ಬೇಕಿಲ್ಲ, ಒಂದು ದಿನ ಹೇಗೆ ಕಳೆಯುತ್ತೀರಿ ಅಂತ ಕೇಳು, ಎಲ್ಲಾ ಅದರಲ್ಲೇ ಗೊತ್ತಾಗುತ್ತದೆ. ಹಗಲು ಮನೆಯಲ್ಲಿ ಯಾರಿರುತ್ತಾರೆ, ಅವನು ಎಲ್ಲಿ ಮಲಗುತ್ತಾನೆ, ನೀವು ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ. ಬಾಡಿಗೆ ಮನೆಯಾದರೆ ಓನರ್ ಒಪ್ಪಿದ್ದಾರಾ. ಮನೆಯವರೆಲ್ಲ ಒಟ್ಟಿಗೆ ಬರಲಿ. ಅವರಲ್ಲಿ ಕೈಯಲ್ಲಿ ಶಕ್ತಿ ಕಡಿಮೆ ಇರುವವರಿಗೇ ಅವನ ಬೆಲ್ಟ್ ಕೊಟ್ಟು ಹತ್ತು ಹೆಜ್ಜೆ ನಡೆಸು, ಪಕ್ಕದಲ್ಲೇ ನೀನೂ ಇರು. ಆಮೇಲೆ ಅವರ ಮನೆಗೆ ಹೋಗಿ ನೋಡಲೇಬೇಕು. ಗೇಟ್ ಸರಿಯಾಗಿ ಹಾಕಿಕೊಳ್ಳುತ್ತದಾ, ಕಾಂಪೌಂಡ್ ಎಷ್ಟು ಎತ್ತರ, ಮೆಟ್ಟಿಲೆಷ್ಟು, ನೆಲ ಜಾರುತ್ತದಾ. ನೆಲ ಯಾಕೆ ಅಂದರೆ ದೊಡ್ಡ ನಾಯಿಗಳಿಗೆ ವಯಸ್ಸಾಗೋದು ಬೇಗ. ಚಿಕ್ಕ ನಾಯಿ 15 ವರ್ಷ ಬದುಕಿದರೂ ಇಷ್ಟು ದೊಡ್ಡವು ಹೆಚ್ಚಾಗಿ ಹತ್ತರ ಆಸುಪಾಸಿಗೇ ಮುದುಕಾಗಿರುತ್ತವೆ, ಸೊಂಟದ ಕೀಲು ಹಿಡಿಯುತ್ತದೆ. ಔಷಧಿಯೂ ತೂಕ ನೋಡಿಯೇ ಕೊಡೋದು, ಖರ್ಚು ಜಾಸ್ತಿ. ಬರೀ ಈಗಿನ ಭೀಮನನ್ನಲ್ಲ, ಏಳಲು ಕಷ್ಟಪಡುವ ಭೀಮನನ್ನೂ ನೋಡಿಕೊಳ್ಳುತ್ತೀರಾ ಅಂತ ಅವರನ್ನು ನೇರವಾಗಿ ಕೇಳು.

ಇನ್ನೊಂದು ವಿಷಯ ಅವರಿಗೆ ಗೊತ್ತಿರಲೇಬೇಕು. ಎದೆ ಆಳವಾಗಿರುವ ದೊಡ್ಡ ನಾಯಿಗಳಿಗೆ ಕೆಲವೊಮ್ಮೆ ಹೊಟ್ಟೆ ಉಬ್ಬಿ ಜಠರ ತಿರುಚಿಕೊಳ್ಳುತ್ತದೆ. ವಾಂತಿ ಬಂದ ಹಾಗೆ ಓಕರಿಸುತ್ತದೆ, ಏನೂ ಹೊರಗೆ ಬರುವುದಿಲ್ಲ, ಹೊಟ್ಟೆ ಬಿಗಿದುಕೊಂಡು ನಾಯಿ ಒಂದು ಕಡೆ ನಿಲ್ಲಲಾರದೆ ಓಡಾಡುತ್ತದೆ. ಹಾಗಾದರೆ ಬೆಳಗಾಗಲಿ ಅಂತ ಕಾಯಬಾರದು, ಆ ಕ್ಷಣವೇ ಡಾಕ್ಟರ್ ಹತ್ತಿರ ಹೋಗಬೇಕು.

ಮನೆ ಗೊತ್ತಾದ ದಿನವೇ ಬಿಟ್ಟು ಬರಬೇಡ. ಎರಡು ಮೂರು ಸಲ ಕರೆದುಕೊಂಡು ಹೋಗಿ ಬಾ, ಆಮೇಲೆ ಒಂದು ರಾತ್ರಿ ಅಲ್ಲಿರಲಿ. ಊಟ ಬದಲಿಸುವುದಿದ್ದರೆ 7ರಿಂದ 10 ದಿನ ಹಳೆಯದರ ಜೊತೆ ಸ್ವಲ್ಪ ಸ್ವಲ್ಪ ಸೇರಿಸಿ ಬದಲಿಸಲಿ, ಇಲ್ಲದಿದ್ದರೆ ಹೊಟ್ಟೆ ಕೆಡುತ್ತದೆ. ನೀನು ಅವನಿಗೆ ಹೇಳುವ ‘ಕೂತ್ಕೋ’, ‘ಸಾಕು’, ‘ಬಾರೋ ಮಗನೇ’ ಎಲ್ಲಾ ಬರೆದುಕೊಡು, ಅದೇ ಮಾತು, ಅದೇ ಧಾಟಿ. ಹೊಸ ಜಾಗದಲ್ಲಿ ಒಂದೂ ಪರಿಚಯದ ಮಾತು ಕೇಳದಿದ್ದರೆ ಅವನು ಪೂರ್ತಿ ಕಂಗಾಲಾಗುತ್ತಾನೆ. ನಾಯಿ ಸಾಕಿದವರು 3 ದಿನ, 3 ವಾರ, 3 ತಿಂಗಳು ಅಂತ ಒಂದು ಲೆಕ್ಕ ಹೇಳುತ್ತಾರೆ. ಮೊದಲು ಬರೀ ಹೆದರಿಕೆ, ಆಮೇಲೆ ಮನೆಯ ರೂಢಿ ತಿಳಿಯೋದು, ಆಮೇಲೆ ಇದು ನನ್ನ ಮನೆ ಅನ್ನಿಸೋದು. ಎಲ್ಲಾ ನಾಯಿಗೂ ಇದೇ ಲೆಕ್ಕ ಅಂತಿಲ್ಲ, ಆದರೆ ಎರಡನೇ ದಿನಕ್ಕೇ ಊಟ ಬಿಟ್ಟ ಅಂತ ಅವರು ಗಾಬರಿಯಾಗಬಾರದು. ಮೊದಲ ಕೆಲವು ವಾರ ಹೊರಗೆ ಹೋಗುವಾಗ ಕಾಲರ್‌ಗೆ ಒಂದು, ಎದೆಗೆ ಕಟ್ಟುವ ಹಾರ್ನೆಸ್‌ಗೆ ಒಂದು, ಎರಡು ಬೆಲ್ಟ್ ಇರಲಿ. ಶೇರು ವಿಷಯ ಆದ ಮೇಲೆ ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಚರ್ಮದ ಕೆಳಗೆ ಹಾಕಿಸಿರುವ ಗುರುತಿನ ಮೈಕ್ರೋಚಿಪ್‌ನ ನೋಂದಣಿಯಲ್ಲಿ ಹೊಸ ಮನೆಯವರ ಹೆಸರು, ಫೋನ್ ನಂಬರ್ ಬರಬೇಕು. ಕೊನೆಗೆ ಒಂದು ಹಾಳೆಯಲ್ಲಿ ಬರೆಸಿಕೋ: ನಮ್ಮಿಂದ ಆಗದಿದ್ದರೆ ಬೇರೆ ಯಾರಿಗೂ ಕೊಡುವುದಿಲ್ಲ, ಮೊದಲು ನಿಮಗೇ ಫೋನ್ ಮಾಡುತ್ತೇವೆ. ಇದಕ್ಕೆ ಹಿಂದೆ ಮುಂದೆ ನೋಡಿದರೆ ಬೇಡ.

ಇಷ್ಟೆಲ್ಲ ತಿಂಗಳ ಕೊನೆಯೊಳಗೆ ಹೇಗೆ ಅಂತ ಕೇಳುತ್ತೀಯ, ಗೊತ್ತು. ಆ ಗಡುವನ್ನೇ ತೆಗೆದುಬಿಡು. ಭಾನುವಾರ ನಾನು ಬಂದು ಅವನನ್ನು ನಮ್ಮ ಮನೆಗೆ ಕರೆದುಕೊಂಡು ಬರುತ್ತೇನೆ. ನಮ್ಮ ಮುದಿ ಬೆಕ್ಕು ಇರೋದರಿಂದ ಯಾವಾಗಲೂ ಇಟ್ಟುಕೊಳ್ಳಲು ಆಗುವುದಿಲ್ಲ, ಅದು ನನಗೂ ಸಂಕಟವೇ. ಆದರೆ ಬೇರೆ ಬೇರೆ ರೂಮಿನಲ್ಲಿಟ್ಟು ಎರಡು ಮೂರು ತಿಂಗಳು ನಿಭಾಯಿಸುತ್ತೇನೆ, ನಿಮ್ಮ ಭಾವನನ್ನೂ ಕೇಳಿದ್ದೇನೆ, ಒಪ್ಪಿದ್ದಾರೆ. ನೀನು ಅತ್ತೆಯನ್ನು ನೋಡಿಕೋ.

ವ್ಯಾಕ್ಸಿನ್ ಪುಸ್ತಕ ಹುಡುಕಿಡು, ರೇಬೀಸ್ ಚುಚ್ಚುಮದ್ದಿನ ತಾರೀಖು ನೋಡಿ ಹೇಳು. ಮತ್ತೆ ಅವನು ಮಲಗುವ ಆ ನೀಲಿ ಬೆಡ್‌ಶೀಟ್ ಇದೆಯಲ್ಲ, ಅಂಚೆಲ್ಲ ಕಚ್ಚಿ ಹರಿದಿದ್ದಾನಲ್ಲ, ಅದನ್ನು ಒಗೆಯಬೇಡ. ಹಾಗೇ ಮಡಿಸಿ ಕೊಡು.