ನೇತ್ರ ಶಸ್ತ್ರವೈದ್ಯರನ್ನು ಕೇಳಿ: ಪೊರೆ, ಗ್ಲಾಕೋಮಾ ಮತ್ತು ಈ ವೃತ್ತಿ

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಾನು ವೈದ್ಯಕೀಯ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಮುಂದೆ ನೇತ್ರ ಚಿಕಿತ್ಸೆಯನ್ನೇ ಆರಿಸಿಕೊಳ್ಳಬೇಕೆಂದಿದ್ದೇನೆ. ಪೊರೆ ಮತ್ತು ಗ್ಲಾಕೋಮಾ ಎರಡನ್ನೂ ಒಬ್ಬರೇ ವೈದ್ಯರು ನೋಡುವುದು ಏಕೆ? ಇವೆರಡೂ ಬೇರೆ ಬೇರೆ ಕಾಯಿಲೆಗಳಲ್ಲವೇ?

ಉತ್ತರ: ಕಾಯಿಲೆಗಳು ಬೇರೆಯೇ. ಕಣ್ಣಿನೊಳಗಿನ ಸ್ವಾಭಾವಿಕ ಮಸೂರ ಮಬ್ಬಾದರೆ ಅದು ಪೊರೆ. ಕಣ್ಣಿನಿಂದ ಮಿದುಳಿಗೆ ಹೋಗುವ ದೃಷ್ಟಿನರದಲ್ಲಿ ಸುಮಾರು ಹತ್ತು–ಹನ್ನೆರಡು ಲಕ್ಷ ಎಳೆಗಳಿರುತ್ತವೆ. ಅವು ಸದ್ದಿಲ್ಲದೆ ನಶಿಸುತ್ತಾ ಹೋಗುವುದು ಗ್ಲಾಕೋಮಾ. ಆದರೆ ಎರಡೂ ಹೆಚ್ಚಾಗಿ ಒಂದೇ ವಯಸ್ಸಿನಲ್ಲಿ, ಅನೇಕ ವೇಳೆ ಒಂದೇ ಕಣ್ಣಿನಲ್ಲಿ ಕಾಣಿಸಿಕೊಳ್ಳುತ್ತವೆ. ಕಣ್ಣಿನೊಳಗಿನ ದ್ರವ ಹೊರಹೋಗುವ ಜಾಲರಿ ಇರುವುದು ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮತ್ತು ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಭಾಗ) ಸೇರುವ ಕೋನದಲ್ಲಿ. ವಯಸ್ಸಾದಂತೆ ಮಸೂರ ದಪ್ಪವಾಗುತ್ತದೆ. ಕಣ್ಣು ಚಿಕ್ಕದಾಗಿದ್ದವರಲ್ಲಿ ಅದು ಐರಿಸ್ಸನ್ನು ಮುಂದಕ್ಕೆ ತಳ್ಳಿ ಆ ಕೋನವನ್ನೇ ಮುಚ್ಚಿಬಿಡಬಹುದು; ಆಗ ದ್ರವ ಒಳಗೇ ನಿಂತು ಕಣ್ಣಿನ ಒತ್ತಡ ಏರುತ್ತದೆ. ಅಂಥವರಲ್ಲಿ ಒತ್ತಡ ತೀರಾ ಏರಿದ್ದರೆ ಅಥವಾ ನರಕ್ಕೆ ಹಾನಿ ಆರಂಭವಾಗಿದ್ದರೆ, ಮಸೂರ ಇನ್ನೂ ಮಬ್ಬಾಗದಿದ್ದರೂ ಅದನ್ನು ತೆಗೆಯುವುದು, ಲೇಸರ್‌ನಿಂದ ಐರಿಸ್‌ನಲ್ಲಿ ರಂಧ್ರ ಮಾಡುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ ಎಂಬುದನ್ನು 2016ರಲ್ಲಿ ಪ್ರಕಟವಾದ ಈಗಲ್ ಅಧ್ಯಯನ ತೋರಿಸಿತು. ಇತ್ತ ಗ್ಲಾಕೋಮಾಕ್ಕೆಂದು ಮಾಡುವ ಶಸ್ತ್ರಚಿಕಿತ್ಸೆಯಿಂದ ಪೊರೆ ಬೇಗ ಬಲಿಯುವುದೂ ಉಂಟು. ಹೀಗಿರುವಾಗ ಒಂದನ್ನು ಬಿಟ್ಟು ಇನ್ನೊಂದನ್ನು ನೋಡುವ ವೈದ್ಯರಿಗೆ ಅರ್ಧ ಕಣ್ಣು ಮಾತ್ರ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ.

ವೃತ್ತಿಯ ದೃಷ್ಟಿಯಿಂದ ನಿಜವಾದ ವ್ಯತ್ಯಾಸ ಬೇರೆ ಕಡೆ ಇದೆ. ಪೊರೆ ತೆಗೆಸಿಕೊಂಡವರು ಮರುದಿನ ಪಟ್ಟಿ ಬಿಚ್ಚಿದೊಡನೆ ಗೋಡೆಯ ಬಣ್ಣವನ್ನು ಕಂಡು ಸಂತೋಷಪಡುತ್ತಾರೆ. ಗ್ಲಾಕೋಮಾ ರೋಗಿಗೆ ಹತ್ತು ವರ್ಷ ಚೆನ್ನಾಗಿ ಚಿಕಿತ್ಸೆ ನೀಡಿದರೆ ಸಿಗುವ ಫಲವೆಂದರೆ, ಹತ್ತು ವರ್ಷದ ಹಿಂದೆ ಎಷ್ಟು ಕಾಣುತ್ತಿತ್ತೋ ಹೆಚ್ಚುಕಡಿಮೆ ಅಷ್ಟೇ ಕಾಣುವುದು. ಅದಕ್ಕೆ ಯಾರೂ ಧನ್ಯವಾದ ಹೇಳುವುದಿಲ್ಲ, ಹೇಳಬೇಕೆಂದು ನಿರೀಕ್ಷಿಸಲೂಬಾರದು. ಈ ಎರಡನೆಯ ಬಗೆಯ ಕೆಲಸದಲ್ಲಿ ನಿಮಗೆ ತೃಪ್ತಿ ಸಿಗುವುದೇ ಎಂಬುದನ್ನು ಆಯ್ಕೆಗೆ ಮೊದಲೇ ಯೋಚಿಸಿ.

ಪ್ರಶ್ನೆ: ಸರ್, ನಾನು ನೇತ್ರ ವಿಭಾಗದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿ. ಫೇಕೋ ಕಲಿಯುತ್ತಿದ್ದೇನೆ. ರೆಕ್ಸಿಸ್ ಪದೇ ಪದೇ ಅಂಚಿನ ಕಡೆಗೆ ಓಡಿಹೋಗುತ್ತದೆ. ಕೈ ಪಳಗುವುದು ಯಾವಾಗ?

ಉತ್ತರ: ಈ ಹಂತವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಮುಂದಿನ ಎಲ್ಲವೂ ಇದರ ಮೇಲೆ ನಿಂತಿದೆ. ವೈದ್ಯರಲ್ಲದ ಓದುಗರಿಗಾಗಿ: ಫೇಕೋ ಎಂದರೆ ಅಲ್ಟ್ರಾಸೌಂಡ್ ಕಂಪನದಿಂದ ಮಸೂರವನ್ನು ಪುಡಿಮಾಡಿ ಹೀರಿ ತೆಗೆಯುವ ಪೊರೆ ಶಸ್ತ್ರಚಿಕಿತ್ಸೆ. ಮಸೂರವು ತೆಳುವಾದ ಪಾರದರ್ಶಕ ಚೀಲವೊಂದರೊಳಗೆ ಇರುತ್ತದೆ, ಆ ಚೀಲದ ಮುಂಭಾಗದ ಪದರವನ್ನು ಸುಮಾರು 5 ಮಿ.ಮೀ. ಅಗಲದ ಒಂದೇ ವೃತ್ತವಾಗಿ ಹರಿದು ತೆಗೆಯುವುದನ್ನು ರೆಕ್ಸಿಸ್ ಎನ್ನುತ್ತೇವೆ. ನಂತರ ಕೂರಿಸುವ ಕೃತಕ ಲೆನ್ಸಿನ ಅಗಲ ಸಾಮಾನ್ಯವಾಗಿ 6 ಮಿ.ಮೀ.; ಆದ್ದರಿಂದ ವೃತ್ತದ ಅಂಚು ಲೆನ್ಸಿನ ಅಂಚನ್ನು ಸುತ್ತಲೂ ಸ್ವಲ್ಪ ಮುಚ್ಚಿಕೊಳ್ಳಬೇಕು.

ಸೀಳು ಅಂಚಿಗೆ ಓಡುವುದಕ್ಕೆ ಕೈಯೇ ಕಾರಣವೆಂದು ಎಲ್ಲರೂ ಭಾವಿಸುತ್ತಾರೆ. ಬಹಳ ವೇಳೆ ಕಾರಣವಿರುವುದು ಕಣ್ಣಿನ ಮುಂಭಾಗದಲ್ಲಿ ವಿಸ್ಕೋ (ಶಸ್ತ್ರಚಿಕಿತ್ಸೆಯ ವೇಳೆ ಒಳಗೆ ತುಂಬುವ ಮಂದವಾದ ಜೆಲ್) ಕಡಿಮೆಯಾಗಿರುವುದರಲ್ಲಿ. ಅದು ಕಡಿಮೆಯಾದೊಡನೆ ಮಸೂರ ಮುಂದಕ್ಕೆ ಉಬ್ಬುತ್ತದೆ, ಉಬ್ಬಿದ ಮೇಲ್ಮೈಯಲ್ಲಿ ಸೀಳು ತಾನಾಗಿಯೇ ಹೊರಗೆ ಜಾರುತ್ತದೆ. ಆದ್ದರಿಂದ ಓಟ ಶುರುವಾಯಿತೆಂದು ಅನ್ನಿಸಿದ ಕ್ಷಣವೇ ಎಳೆಯುವುದನ್ನು ನಿಲ್ಲಿಸಿ. ಮತ್ತೆ ವಿಸ್ಕೋ ತುಂಬಿಸಿ, ಮಡಚಿದ ಪದರವನ್ನು ಬಿಚ್ಚಿ ಚಪ್ಪಟೆಯಾಗಿ ಮಲಗಿಸಿ, ಹರಿದುಬಂದ ದಾರಿಯ ಕಡೆಗೇ ಮೊದಲು ಹಿಂದಕ್ಕೆ ಬಿಗಿಹಿಡಿದು, ಆಮೇಲೆ ನಿಧಾನವಾಗಿ ಮಧ್ಯದ ಕಡೆಗೆ ಎಳೆಯಿರಿ. ಸೀಳು ಒಳಕ್ಕೆ ತಿರುಗುತ್ತದೆ. ತೀರಾ ಬಲಿತು ಊದಿಕೊಂಡ ಬಿಳಿ ಪೊರೆಗಳಲ್ಲಿ ಈ ಉಪಾಯಕ್ಕೂ ಸಮಯ ಸಿಗದಿರಬಹುದು. ಟ್ರಿಪಾನ್ ನೀಲಿ ಬಣ್ಣ ಹಾಕಿದ ಪದರ ಒಳಗಿನ ಒತ್ತಡಕ್ಕೆ ಎರಡು ಕಡೆಗೂ ಸೀಳಿ, ನಡುವೆ ಬಿಳಿ ಪಟ್ಟಿ, ಅದರ ಎರಡೂ ಬದಿಗೆ ನೀಲಿ ಎಂಬಂತೆ ಕಾಣುವುದನ್ನು ಅರ್ಜೆಂಟೀನಾದ ಬಾವುಟವೆಂದೇ ನಮ್ಮವರು ಕರೆಯುತ್ತಾರೆ. ಅಂಥ ಕಣ್ಣಿನಲ್ಲಿ ಮೊದಲು ಸೂಜಿಯಿಂದ ಒಳಗಿನ ದ್ರವವನ್ನು ಸ್ವಲ್ಪ ಹೀರಿ, ಒತ್ತಡ ಇಳಿಸಿದ ಮೇಲಷ್ಟೇ ಮುಂದುವರಿಯಬೇಕು.

ಕೈ ಪಳಗುವುದು ಸಿಮ್ಯುಲೇಟರ್ ಮತ್ತು ಪ್ರಾಣಿಗಳ ಕಣ್ಣಿನ ಮೇಲೆ ಅಭ್ಯಾಸ ಮಾಡುವ ವೆಟ್ ಲ್ಯಾಬ್‌ಗಳಿಂದ ಆರಂಭವಾಗುತ್ತದೆ. ಪ್ರತಿ ಶಸ್ತ್ರಚಿಕಿತ್ಸೆಯ ವಿಡಿಯೋವನ್ನು ಅದೇ ಸಂಜೆ ನೋಡುವವರು ಬೇಗ ಕಲಿಯುತ್ತಾರೆ. ವೇಗದ ಚಿಂತೆ ಈಗ ಬೇಡ.

ಪ್ರಶ್ನೆ: ಡಾಕ್ಟರೇ, ನಮ್ಮ ತಂದೆಯವರಿಗೆ ಗ್ಲಾಕೋಮಾ ಇದೆ, ಈಗ ಪೊರೆಯೂ ಬಂದಿದೆ. ಶಸ್ತ್ರಚಿಕಿತ್ಸೆಯಾದರೂ ದೃಷ್ಟಿ ಪೂರ್ತಿ ಬರುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಹಾಗಾದರೆ ಮಾಡಿಸುವುದೇಕೆ? ದುಬಾರಿ ಮಲ್ಟಿಫೋಕಲ್ ಲೆನ್ಸ್ ಹಾಕಿಸಿದರೆ ಅನುಕೂಲವಾಗುವುದೇ?

ಉತ್ತರ: ನಿಮ್ಮ ವೈದ್ಯರು ಮೊದಲೇ ಹಾಗೆ ಹೇಳಿರುವುದು ಒಳ್ಳೆಯ ಲಕ್ಷಣ. ನೋಟ ಮಂಕಾಗಿರುವುದರಲ್ಲಿ ಪೊರೆಯ ಪಾಲು ಎಷ್ಟಿದೆಯೋ ಅಷ್ಟು ಮರಳಿ ಬರುತ್ತದೆ. ನಶಿಸಿದ ನರದ ಪಾಲು ಮರಳುವುದಿಲ್ಲ. ಉಳಿದಿರುವ ನರಕ್ಕೆ ಸ್ಪಷ್ಟ ಚಿತ್ರ ತಲುಪಿದರೆ ನಡೆದಾಟ ಸುಲಭವಾಗುತ್ತದೆ. ಫೀಲ್ಡ್ ಟೆಸ್ಟ್ (ಸುತ್ತಲೂ ಎಷ್ಟು ಕಾಣುತ್ತದೆಂದು ಅಳೆಯುವ ಪರೀಕ್ಷೆ) ಮತ್ತು ನರದ ಸ್ಕ್ಯಾನ್‌ಗಳು ಕೂಡ ಹೆಚ್ಚು ನಂಬಿಕೆಗೆ ಅರ್ಹವಾಗುತ್ತವೆ. ಅನೇಕರಲ್ಲಿ ಒತ್ತಡವೂ ಸ್ವಲ್ಪ ಇಳಿಯುತ್ತದೆ.

ಮಲ್ಟಿಫೋಕಲ್ ಲೆನ್ಸನ್ನು ನಾನಾಗಿದ್ದರೆ ಸೂಚಿಸುವುದಿಲ್ಲ. ಅದು ಬೆಳಕನ್ನು ಹಲವು ದೂರಗಳಿಗೆ ಹಂಚುತ್ತದೆ, ಹಂಚಿದಾಗ ಕಪ್ಪು–ಬಿಳುಪಿನ ನಡುವಣ ಸೂಕ್ಷ್ಮ ವ್ಯತ್ಯಾಸ ಗುರುತಿಸುವ ಶಕ್ತಿ ತಗ್ಗುತ್ತದೆ, ಮತ್ತು ಗ್ಲಾಕೋಮಾ ಈಗಾಗಲೇ ಕಸಿದುಕೊಂಡಿರುವುದು ಅದೇ ಶಕ್ತಿಯನ್ನು. ಒಂದೇ ದೂರಕ್ಕೆ ಹೊಂದಿಸಿದ ಒಳ್ಳೆಯ ಮಾನೋಫೋಕಲ್ ಲೆನ್ಸ್ ಮತ್ತು ಓದಲು ಒಂದು ಕನ್ನಡಕ ಸಾಕು.

ಎರಡು ವಿಷಯಗಳನ್ನು ಶಸ್ತ್ರವೈದ್ಯರಿಗೆ ತಪ್ಪದೆ ತಿಳಿಸಿ. ತಂದೆಯವರು ಪ್ರಾಸ್ಟೇಟ್ ತೊಂದರೆಗೆ ಟಾಮ್ಸುಲೋಸಿನ್ ಮಾತ್ರೆ ನುಂಗುತ್ತಿದ್ದರೆ ಅಥವಾ ಹಿಂದೆ ನುಂಗಿದ್ದರೆ ಹೇಳಿ; ಆ ಔಷಧದಿಂದ ಐರಿಸ್ ಸಡಿಲವಾಗಿ, ಶಸ್ತ್ರಚಿಕಿತ್ಸೆಯ ನಡುವೆ ಅಲೆಯಾಡುತ್ತಾ ಪಾಪೆ ಕುಗ್ಗುವುದನ್ನು 2005ರಿಂದ ಗುರುತಿಸಲಾಗಿದೆ. ಮೊದಲೇ ಗೊತ್ತಿದ್ದರೆ ಸಿದ್ಧತೆ ಮಾಡಿಕೊಳ್ಳಬಹುದು. ಹಾಗೆಯೇ ಸ್ಟೀರಾಯ್ಡ್ ಹನಿಗಳಿಂದ ಹಿಂದೆ ಒತ್ತಡ ಏರಿದ್ದರೆ ಅದನ್ನೂ ಹೇಳಿ. ಶಸ್ತ್ರಚಿಕಿತ್ಸೆಯ ಮೊದಲ ದಿನ ಒತ್ತಡ ತಾತ್ಕಾಲಿಕವಾಗಿ ಏರುವುದು ಆರೋಗ್ಯವಂತ ನರಕ್ಕೆ ದೊಡ್ಡ ವಿಷಯವಲ್ಲ, ಕೊನೆಯ ಕೆಲವು ಎಳೆಗಳ ಮೇಲೆ ನಿಂತಿರುವ ನರಕ್ಕೆ ದೊಡ್ಡ ವಿಷಯವೇ. ಗ್ಲಾಕೋಮಾದ ಹನಿಗಳನ್ನು ತಾವಾಗಿಯೇ ನಿಲ್ಲಿಸಬಾರದು.

ಪ್ರಶ್ನೆ: ನನ್ನ ಕಣ್ಣಿನ ಒತ್ತಡ 18 ಎಂದು ಬರೆದಿದ್ದಾರೆ. 21ರವರೆಗೆ ಸಾಮಾನ್ಯವೆಂದು ಓದಿದ್ದೇನೆ. ನನಗೆ ಏನೂ ತೊಂದರೆಯಿಲ್ಲ, ಎಲ್ಲವೂ ಕಾಣುತ್ತದೆ. ಆದರೂ ಜೀವನಪರ್ಯಂತ ಹನಿ ಹಾಕಬೇಕೆನ್ನುತ್ತಾರೆ.

ಉತ್ತರ: 21 ಎಂಬುದು ಜನಸಂಖ್ಯೆಯ ಸರಾಸರಿಯಿಂದ ಹೊರಟ ಗೆರೆ, ನಿಮ್ಮ ನರ ತಾಳಬಲ್ಲ ಮಿತಿಯಲ್ಲ. ಕಾರ್ನಿಯಾ ತೆಳುವಾಗಿದ್ದರೆ ಯಂತ್ರ ತೋರಿಸುವ ಅಂಕಿಯೇ ನಿಜಕ್ಕಿಂತ ಕಡಿಮೆಯಿರಬಹುದು. ಸಾಮಾನ್ಯ ಒತ್ತಡದಲ್ಲೂ ನರ ಸವೆಯುವ ಗ್ಲಾಕೋಮಾ ಇದೆ, ಅದರಲ್ಲೂ ಒತ್ತಡ ಇಳಿಸುವುದೇ ಚಿಕಿತ್ಸೆ.

‘ಎಲ್ಲವೂ ಕಾಣುತ್ತದೆ’ ಎಂಬ ಮಾತು ಈ ಕಾಯಿಲೆಯಲ್ಲಿ ಸಾಕ್ಷಿಯಾಗುವುದಿಲ್ಲ. ನಷ್ಟವಾದ ಭಾಗ ಕಪ್ಪಾಗಿ ಕಾಣುವುದಿಲ್ಲ; ಮಿದುಳು ಅಕ್ಕಪಕ್ಕದ ದೃಶ್ಯದಿಂದ ಆ ಜಾಗವನ್ನು ತುಂಬಿಬಿಡುತ್ತದೆ, ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ಮರೆಮಾಚುತ್ತದೆ. ಮೆಟ್ಟಿಲು ಇಳಿಯುವಾಗ ಎಡವುವುದು, ಪಕ್ಕದಿಂದ ಬಂದವರು ತಟ್ಟನೆ ಎದುರಾದಂತೆ ಅನ್ನಿಸುವುದು, ಇವು ಗಮನಕ್ಕೆ ಬರುವ ಹೊತ್ತಿಗೆ ಬಹಳಷ್ಟು ಕಳೆದುಹೋಗಿರುತ್ತದೆ. ಆದರೂ ನಿಮ್ಮ ಸಂಶಯ ತಪ್ಪಲ್ಲ. ನಿಮ್ಮ ಫೀಲ್ಡ್ ಟೆಸ್ಟ್ ಮತ್ತು ಓ.ಸಿ.ಟಿ. (ನರದ ಸ್ಕ್ಯಾನ್) ವರದಿಗಳನ್ನು ಮೇಜಿನ ಮೇಲಿಟ್ಟು, ಹಾನಿ ಎಲ್ಲಿದೆಯೆಂದು ತೋರಿಸಿ ಎಂದು ಕೇಳಿ. ತೋರಿಸಬೇಕಾದದ್ದು ವೈದ್ಯರ ಕರ್ತವ್ಯ. ಹನಿ ಬೇಡವೆನಿಸಿದರೆ ದ್ರವ ಹೊರಹೋಗುವ ಜಾಲರಿಗೆ ಕೊಡುವ ಎಸ್.ಎಲ್.ಟಿ. ಲೇಸರ್ ಬಗ್ಗೆಯೂ ವಿಚಾರಿಸಿ. ತೆರೆದ ಕೋನದ ಗ್ಲಾಕೋಮಾದಲ್ಲಿ ಅದನ್ನೇ ಮೊದಲ ಚಿಕಿತ್ಸೆಯಾಗಿ ಆರಂಭಿಸಬಹುದೆಂದು 2019ರ ಲೈಟ್ ಅಧ್ಯಯನ ತೋರಿಸಿದೆ. ಅದರ ಪರಿಣಾಮ ಕೆಲವು ವರ್ಷಗಳಲ್ಲಿ ಕುಂದಬಹುದು, ಆದ್ದರಿಂದ ತಪಾಸಣೆ ತಪ್ಪುವುದಿಲ್ಲ.

ಪ್ರಶ್ನೆ: ಈಗ ಯಂತ್ರವೇ ಎಲ್ಲ ಮಾಡುತ್ತದಂತೆ, ವೈದ್ಯರ ಕೈಗೆ ಏನು ಉಳಿದಿದೆ?

ಉತ್ತರ: ಫೇಕೋ ಯಂತ್ರ ಹೊಸದೇನಲ್ಲ. ದಂತವೈದ್ಯರ ಅಲ್ಟ್ರಾಸೌಂಡ್ ಉಪಕರಣವನ್ನು ಕಂಡು ಚಾರ್ಲ್ಸ್ ಕೆಲ್ಮನ್ ಅದನ್ನು ರೂಪಿಸಿದ್ದು 1960ರ ದಶಕದಲ್ಲಿ. ಈಗಿನ ಫೆಮ್ಟೋ ಲೇಸರ್ ರೆಕ್ಸಿಸ್ ಮಾಡಿ ಮಸೂರವನ್ನು ತುಂಡರಿಸುತ್ತದೆ, ಆದರೆ ಪಳಗಿದ ಕೈಯಿಂದ ನಡೆದ ಫೇಕೋಗಿಂತ ದೃಷ್ಟಿಯಲ್ಲಿ ಹೆಚ್ಚಿನ ಲಾಭವೇನೂ ದೊಡ್ಡ ಅಧ್ಯಯನಗಳಲ್ಲಿ ಕಂಡುಬಂದಿಲ್ಲ.

ಗ್ಲಾಕೋಮಾದ ಟ್ರಾಬೆಕ್ಯುಲೆಕ್ಟಮಿ ಇನ್ನೂ ಕೈಯ ಕೆಲಸವೇ. 1968ರಲ್ಲಿ ಜಾನ್ ಕೇರ್ನ್ಸ್ ವಿವರಿಸಿದ ಈ ವಿಧಾನದಲ್ಲಿ ದ್ರವಕ್ಕೆ ಹೊಸದೊಂದು ದಾರಿ ಮಾಡಿಕೊಡುತ್ತೇವೆ, ಆದರೆ ದೇಹ ಅದನ್ನು ಗಾಯವೆಂದು ತಿಳಿದು ಮುಚ್ಚಲು ಹೊರಡುತ್ತದೆ. ಹೊಲಿಗೆ ಎಷ್ಟು ಬಿಗಿ, ಯಾವ ವಾರ ಯಾವ ಹೊಲಿಗೆಯನ್ನು ಲೇಸರ್‌ನಿಂದ ಸಡಿಲಿಸಬೇಕು ಎಂಬ ನಿರ್ಧಾರಗಳೇ ಫಲಿತಾಂಶವನ್ನು ಮಾಡುತ್ತವೆ ಅಥವಾ ಕೆಡಿಸುತ್ತವೆ.

ಪ್ರಶ್ನೆ: ಡಾಕ್ಟರೇ, ಮೊದಲ ಪ್ರಶ್ನೆ ಕೇಳಿದವನು ನಾನೇ. ಸ್ನಾತಕೋತ್ತರಕ್ಕೆ ಸೇರುವ ಮೊದಲು ಈಗಿನಿಂದಲೇ ಏನು ಅಭ್ಯಾಸ ಮಾಡಲಿ?

ಉತ್ತರ: ದೃಷ್ಟಿನರದ ತಲೆಯನ್ನು ನೋಡುವುದನ್ನು ಅಭ್ಯಾಸ ಮಾಡಿ. ವಾರ್ಡಿನಲ್ಲಿ ಆಫ್ತಾಲ್ಮೋಸ್ಕೋಪ್ ಹಿಡಿದು ನೋಡಿದ ಪ್ರತಿಯೊಂದು ನರವನ್ನೂ, ಫೋಟೋ ಇದ್ದರೂ ಅದನ್ನು ನೋಡುವ ಮೊದಲು, ಪೆನ್ಸಿಲ್‌ನಲ್ಲಿ ಚಿತ್ರಿಸಿ. ಕಪ್‌ನ ಅನುಪಾತ (ನರದ ತಲೆಯ ನಡುವಿನ ಗುಳಿಯ ಅಗಲಕ್ಕೂ ಇಡೀ ತಲೆಯ ಅಗಲಕ್ಕೂ ಇರುವ ಪ್ರಮಾಣ) 0.6 ಎಂದು ಬರೆದು ಮುಂದೆ ಹೋಗುವುದು ಸುಲಭ, ಆದರೆ ದೊಡ್ಡ ನರಕ್ಕೆ ಅದು ಸಹಜವಾಗಿರಬಹುದು, ಚಿಕ್ಕ ನರಕ್ಕೆ ಕಾಯಿಲೆಯಾಗಿರಬಹುದು. ಆದ್ದರಿಂದ ಸುತ್ತಲಿನ ಅಂಚಿನ ದಪ್ಪ ನೋಡಿ. ಸಾಮಾನ್ಯವಾಗಿ ಕೆಳಗಿನ ಅಂಚು ಅತಿ ದಪ್ಪ, ನಂತರ ಮೇಲಿನದು. ಆ ಕ್ರಮ ತಪ್ಪಿದ್ದರೆ ಕಾರಣ ಹುಡುಕಿ. ಅಂಚಿನಲ್ಲಿ ಕೂದಲೆಳೆಯಷ್ಟು ತೆಳುವಾದ ರಕ್ತದ ಗೆರೆ ಇದೆಯೇ ಎಂದೂ ಗಮನಿಸಿ. ಅದು ಕೆಲವು ವಾರಗಳಲ್ಲಿ ಕರಗಿಹೋಗುತ್ತದೆ, ಮುಂದಿನ ಭೇಟಿಯಲ್ಲಿ ನೋಡೋಣವೆಂದರೆ ಇರುವುದಿಲ್ಲ.