ಜಸ್ಟಿನ್ ಹಾಲ್‌ಗಾಗಿ ಮೆಕ್ಯಾನ್‌ನನ್ನು ಬಿಟ್ಟಿದ್ದು ಸರೀನಾ?

ಎಲೆಪ್ರೇಮಿ (ಮಿಸ್ಸಿಸಾಗ)
ಎನ್‌ಎಚ್‌ಎಲ್‌ಗೆ (ಉತ್ತರ ಅಮೆರಿಕದ ಐಸ್ ಹಾಕಿ ಲೀಗ್) ಹೊಸ ತಂಡ ಬರುತ್ತದಂತೆ ಅನ್ನೋ ಮಾತು ಕಿವಿಗೆ ಬಿದ್ದಾಗೆಲ್ಲ ನನಗೆ ಹಳೇ ಸಿಟ್ಟು ಕೆದರುತ್ತದೆ. 2021ರ ಜುಲೈ 17ರಂದು ನಮ್ಮ ಟೊರೊಂಟೊ ಮೇಪಲ್ ಲೀಫ್ಸ್ ಪಿಟ್ಸ್‌ಬರ್ಗ್‌ನಿಂದ ಫಾರ್ವರ್ಡ್ ಜೇರೆಡ್ ಮೆಕ್ಯಾನ್‌ನನ್ನು ತಂದಿತು. ಕೊಟ್ಟಿದ್ದು ಫಿಲಿಪ್ ಹಲಾಂಡರ್ ಮತ್ತು ಒಂದು ಏಳನೇ ಸುತ್ತಿನ ಪಿಕ್ (ಹೊಸ ಹುಡುಗರನ್ನು ಆರಿಸೋ ಸರದಿ). ನಾಲ್ಕೇ ದಿನಕ್ಕೆ, ಎಕ್ಸ್‌ಪ್ಯಾನ್ಷನ್ ಡ್ರಾಫ್ಟ್‌ನಲ್ಲಿ (ಹೊಸ ತಂಡ ಹಳೇ ತಂಡಗಳಿಂದ ಆಟಗಾರರನ್ನು ಆರಿಸಿಕೊಳ್ಳೋದು), ಆಗಿನ ಹೊಸ ತಂಡ ಸಿಯಾಟಲ್ ಕ್ರ್ಯಾಕನ್ ಅವನನ್ನು ಎತ್ತಿಕೊಂಡು ಹೋಯಿತು. ಯಾಕೆ? ನಾವು ಅವನನ್ನು ಪ್ರೊಟೆಕ್ಟ್ ಮಾಡಲಿಲ್ಲ, ಅಂದರೆ ಹೊಸ ತಂಡ ಮುಟ್ಟಬಾರದವರ ಪಟ್ಟಿಗೆ ಹಾಕಲಿಲ್ಲ, ಡಿಫೆನ್ಸ್‌ಮನ್ ಜಸ್ಟಿನ್ ಹಾಲ್‌ನನ್ನು ಮಾಡಿದೆವು. 2022-23ರಲ್ಲಿ ಮೆಕ್ಯಾನ್ ಸಿಯಾಟಲ್‌ಗೆ 40 ಗೋಲ್ ಹೊಡೆದ. ಹಾಲ್ ಉಳಿಸಿಕೊಳ್ಳೋಕೆ ಹೋಗಿ ಹಸುವನ್ನೇ ಕೊಟ್ಟರು! (ಕ್ಷಮಿಸಿ, ಈ ಜೋಕ್ ತುಂಬಾ ದಿನದಿಂದ ಇಟ್ಟುಕೊಂಡಿದ್ದೆ.)

ಬಸವನಗುಡಿ ಹುಡುಗ
ಸರ್, ನಾನು ಹಾಕಿಗೆ ಹೊಸಬ, ಆರ್‌ಸಿಬಿ ಗಿರಾಕಿ. ಇಬ್ಬರನ್ನೂ ಉಳಿಸಿಕೊಳ್ಳೋಕೆ ಆಗ್ತಿರಲಿಲ್ವಾ?

ಎಲೆಪ್ರೇಮಿ
ಎರಡು ದಾರಿ ಇತ್ತು. ಏಳು ಫಾರ್ವರ್ಡ್, ಮೂವರು ಡಿಫೆನ್ಸ್, ಒಬ್ಬ ಗೋಲಿ (ಗೋಲ್‌ಕೀಪರ್). ಇಲ್ಲಾಂದ್ರೆ ಯಾರಾದರೂ ಎಂಟು ಸ್ಕೇಟರ್‌ಗಳು (ಗೋಲಿ ಬಿಟ್ಟು ಉಳಿದವರು), ಒಬ್ಬ ಗೋಲಿ. ಎರಡನೇದರಲ್ಲಿ ಎರಡು ಜಾಗ ಕಮ್ಮಿ, ಆದ್ರೆ ನಾಲ್ಕನೇ ಡಿಫೆನ್ಸ್‌ಮನ್ ಸಿಗುತ್ತಾನೆ. ಹೊಸ ತಂಡ ಒಂದೊಂದು ತಂಡದಿಂದ ಒಬ್ಬೊಬ್ಬನನ್ನು ಮಾತ್ರ ತೆಗೆದುಕೊಳ್ಳಬಹುದು. ನಮ್ಮವರು ಎಂಟರ ದಾರಿ ಹಿಡಿದರು: ಮ್ಯಾಥ್ಯೂಸ್, ಮಾರ್ನರ್, ತವಾರೆಸ್, ನೈಲಾಂಡರ್, ರೈಲಿ, ಮಝಿನ್, ಬ್ರೋಡಿ, ಹಾಲ್. ಗೋಲಿ ಕ್ಯಾಂಪ್‌ಬೆಲ್.

ಕ್ಯಾಪ್ ಲೆಕ್ಕಿಗ
ಜೋಕ್ ಚೆನ್ನಾಗಿದೆ, ಲೆಕ್ಕ ಚೆನ್ನಾಗಿಲ್ಲ. ಮೆಕ್ಯಾನ್‌ನನ್ನು ನಮ್ಮ ಆಗಿನ ಜನರಲ್ ಮ್ಯಾನೇಜರ್ ಡೂಬಸ್ ತಂದಿದ್ದೇ ಹರಕೆಯ ಕುರಿಯಾಗಿ. ಆ ಎಂಟು ಜನ ಪಕ್ಕಾ ಆದ ಮೇಲೆ ಅಲೆಕ್ಸ್ ಕರ್‌ಫೂಟ್ ಹೊರಗೆ ಉಳಿಯುತ್ತಿದ್ದ. ಅವನ ಪಕ್ಕ ಇನ್ನೊಬ್ಬ ಒಳ್ಳೇ ಫಾರ್ವರ್ಡ್ ನಿಲ್ಲಿಸಿದರೆ ಇಬ್ಬರಲ್ಲಿ ಒಬ್ಬ ನಮಗೆ ಉಳಿಯುತ್ತಾನೆ. ಅದಕ್ಕೆ ಕೊಟ್ಟ ಬೆಲೆ ಹಲಾಂಡರ್ ಮತ್ತು ಆ ಏಳನೇ ಸುತ್ತಿನ ಪಿಕ್ ಮಾತ್ರ. ಹಾಲ್ ಎರಡನೇ ಜೋಡಿಯಲ್ಲಿ ಮಝಿನ್ ಜೊತೆ ಆಡುತ್ತಿದ್ದವನು, ವರ್ಷಕ್ಕೆ 20 ಲಕ್ಷ ಡಾಲರ್. ಆ ದುಡ್ಡಿಗೆ ಅಂಥ ಬಲಗೈ ಡಿಫೆನ್ಸ್‌ಮನ್ ಎಲ್ಲಿ ಸಿಗುತ್ತಾನೆ ಹೇಳಿ?

ಗೋಲಿಸೋಡ
ಲೆಕ್ಕಿಗರೇ, ಕುರಿ ಬಲಿ ಕೊಡೋದು ಸರಿ, ಮೊದಲು ಅದರ ತೂಕ ನೋಡಬೇಕಲ್ವಾ? ಆಗ ಮೆಕ್ಯಾನ್‌ಗೆ 25 ವರ್ಷ, ಸಂಬಳ 29.4 ಲಕ್ಷ ಡಾಲರ್. ಕರ್‌ಫೂಟ್‌ಗೆ 35 ಲಕ್ಷ. ಅಂದರೆ ಹೊರಗೆ ನಿಲ್ಲಿಸಿದ ಇಬ್ಬರಲ್ಲಿ ಅಗ್ಗದವನೂ ಮೆಕ್ಯಾನೇ, ಜಾಸ್ತಿ ಗೋಲ್ ಹೊಡೆಯುವವನೂ ಮೆಕ್ಯಾನೇ. ಸಿಯಾಟಲ್‌ನವರಿಗೆ ಯೋಚನೆ ಮಾಡೋ ಕೆಲಸವೇ ಇರಲಿಲ್ಲ. 7-3-1 ಮಾಡಿದ್ದರೆ ಮೆಕ್ಯಾನ್, ಕರ್‌ಫೂಟ್ ಇಬ್ಬರೂ ಒಳಗೆ. ಹೋಗುತ್ತಿದ್ದವನು ಹಾಲ್ ಅಥವಾ ಇನ್ನೊಬ್ಬ ಡಿಫೆನ್ಸ್‌ಮನ್ ಡರ್ಮಟ್.

ಇದೇ ತಪ್ಪನ್ನು ನಾಲ್ಕು ವರ್ಷ ಮೊದಲು ಫ್ಲೋರಿಡಾ ಮಾಡಿತ್ತು. 2017ರಲ್ಲಿ ಹೊಸ ತಂಡವಾಗಿ ವೇಗಸ್ ಬಂದಾಗ ಅವರೂ ನಾಲ್ಕು ಡಿಫೆನ್ಸ್ ಕಾಪಾಡಿಕೊಂಡರು. ನಾಲ್ಕನೆಯವನು ಅಲೆಕ್ಸ್ ಪೆಟ್ರೊವಿಕ್. ಆ ಸೀಸನ್‌ನಲ್ಲಿ 30 ಗೋಲ್ ಹೊಡೆದಿದ್ದ ಜೋನಾಥನ್ ಮಾರ್ಶೆಸೊನನ್ನು ಬಾಗಿಲ ಹೊರಗೆ ನಿಲ್ಲಿಸಿದರು. ಸಾಲದು ಅಂತ ರೈಲಿ ಸ್ಮಿತ್‌ನನ್ನೂ ಒಂದು ನಾಲ್ಕನೇ ಸುತ್ತಿನ ಪಿಕ್‌ಗೆ ವೇಗಸ್‌ಗೇ ಕಳಿಸಿದರು. 2023ರ ಸ್ಟ್ಯಾನ್ಲಿ ಕಪ್ ಫೈನಲ್‌ನಲ್ಲಿ ವೇಗಸ್ ಸೋಲಿಸಿದ್ದು ಯಾರನ್ನು? ಫ್ಲೋರಿಡಾನ. ಪ್ಲೇಆಫ್‌ನ ಶ್ರೇಷ್ಠ ಆಟಗಾರ ಯಾರು? ಮಾರ್ಶೆಸೊ.

ಬಸವನಗುಡಿ ಹುಡುಗ
ಅಯ್ಯೋ ಅಕ್ಕ, ಇದು ನಮ್ಮ ಚಾಹಲ್ ಕಥೆ! 2022ಕ್ಕೆ ಮೊದಲು ಕೊಹ್ಲಿ, ಮ್ಯಾಕ್ಸ್‌ವೆಲ್, ಸಿರಾಜ್ ಮೂವರನ್ನೇ ಉಳಿಸಿಕೊಂಡೆವು. ಚಾಹಲ್ ರಾಜಸ್ಥಾನಕ್ಕೆ ಹೋಗಿ 27 ವಿಕೆಟ್ ತೆಗೆದು ಪರ್ಪಲ್ ಕ್ಯಾಪ್ ಹಾಕಿಕೊಂಡ.

ಕ್ಯಾಪ್ ಲೆಕ್ಕಿಗ
ಪೂರ್ತಿ ಹೊಂದಲ್ಲ. ಐಪಿಎಲ್‌ನಲ್ಲಿ ಬಿಟ್ಟವನನ್ನು ಹರಾಜಿನಲ್ಲಿ ಮತ್ತೆ ಕೊಳ್ಳಬಹುದು. ನಮ್ಮ ರಾಹುಲ್ ಆ ವರ್ಷ ಪಂಜಾಬ್ ಬೇಡ ಅಂತ ಹೊರಬಂದು ಲಕ್ನೋ ಸೇರಿದ. ಇಲ್ಲಿ ಆಟಗಾರನ ಮಾತು ನಡೆಯೋದು ಕಾಂಟ್ರ್ಯಾಕ್ಟ್‌ನಲ್ಲಿ ನೋ-ಮೂವ್‌ಮೆಂಟ್ ಕ್ಲಾಸ್ (ಒಪ್ಪಿಗೆ ಇಲ್ಲದೆ ತಂಡದಿಂದ ಕದಲಿಸಬಾರದು ಅನ್ನೋ ಷರತ್ತು) ಇದ್ದರೆ ಮಾತ್ರ. ಆ ಕ್ಲಾಸ್ ಇದ್ದವನನ್ನು ತಂಡ ಕಾಪಾಡಲೇಬೇಕು, ಅವನೇ ಒಪ್ಪಿ ಬಿಟ್ಟುಕೊಟ್ಟರೆ ಬೇರೆ ಮಾತು. 2021ರಲ್ಲಿ ಮಾಂಟ್ರಿಯಲ್‌ನ ಗೋಲಿ ಕ್ಯಾರಿ ಪ್ರೈಸ್ ಹಾಗೇ ಬಿಟ್ಟುಕೊಟ್ಟ. ತಂಡವನ್ನು ಫೈನಲ್‌ಗೆ ಕರೆದೊಯ್ದು ಎರಡು ವಾರ ಆಗಿತ್ತು ಅಷ್ಟೇ! ಆದರೆ ವರ್ಷಕ್ಕೆ 1.05 ಕೋಟಿ ಡಾಲರ್, ಇನ್ನೂ ಐದು ವರ್ಷ ಬಾಕಿ. ಸಿಯಾಟಲ್ ಮುಟ್ಟಲಿಲ್ಲ. ಪ್ರೈಸ್ ಬದಲು ಕಾಪಾಡಿದ ಗೋಲಿ ಜೇಕ್ ಆಲನ್‌ನೂ ಉಳಿದ, ಪ್ರೈಸ್‌ನೂ ಉಳಿದ. ಧೈರ್ಯ ಅಂದರೆ ಅದು.

ಇನ್ನು ಎಲೆಪ್ರೇಮಿ ಅವರ 40 ಗೋಲ್ ವಾದಕ್ಕೆ ಬರ್ತೀನಿ. ಆ 40 ಗೋಲ್ ಟೊರೊಂಟೊದಲ್ಲಿ ಬರುತ್ತಿತ್ತಾ? ಇಲ್ಲಿ ಅವನು ಮೂರನೇ ಲೈನ್. ಪವರ್‌ಪ್ಲೇಯಲ್ಲಿ (ಪೆನಾಲ್ಟಿಯಿಂದ ಎದುರಾಳಿಗೆ ಆಟಗಾರ ಕಮ್ಮಿ ಇರೋ ಹೊತ್ತು) ಮ್ಯಾಥ್ಯೂಸ್, ಮಾರ್ನರ್ ಪಾಳಿ ಮುಗಿದ ಮೇಲೆ ಉಳಿದ ಸಮಯ. ವಿಲಿಯಂ ಕಾರ್ಲ್‌ಸನ್‌ನನ್ನೇ ನೋಡಿ. ಕೊಲಂಬಸ್‌ನಲ್ಲಿ 6 ಗೋಲ್, ವೇಗಸ್‌ಗೆ ಹೋದ ವರ್ಷವೇ 43. ಕೊಲಂಬಸ್ ಅವನನ್ನು ಬರೀ ಬಿಡಲಿಲ್ಲ, ಬೇರೆಯವರನ್ನು ಮುಟ್ಟಬೇಡಿ ಅಂತ ಮೊದಲ ಸುತ್ತಿನ ಪಿಕ್ ಬೇರೆ ಕೈಗಿಟ್ಟು ಕಳಿಸಿತು. ಅವರ ಜೊತೆ ಹೋಲಿಸಿದರೆ ಡೂಬಸ್ ಜಾಣ.

ಗೋಲಿಸೋಡ
ಜಾಗ ಸಿಕ್ಕಿದ್ದಕ್ಕೆ ಗೋಲ್ ಬಂತು, ಒಪ್ಪಿದೆ. 40 ಬೇಡ ಮಾರಾಯ್ರೇ, 20 ಹೊಡೆದರೂ ಸಾಕಿತ್ತು. ನಾಲ್ಕು ಫಾರ್ವರ್ಡ್‌ಗಳಿಗೇ 4 ಕೋಟಿ ಡಾಲರ್ ಸುರಿದ ತಂಡ ನಮ್ಮದು, ಕ್ಯಾಪ್ (ಇಡೀ ತಂಡದ ಸಂಬಳದ ಮಿತಿ) ಇದ್ದಿದ್ದು 8.15 ಕೋಟಿ. ಅಂಥ ತಂಡಕ್ಕೆ 30 ಲಕ್ಷದೊಳಗೆ ಗೋಲ್ ಹೊಡೆಯೋ ಹುಡುಗನಿಗಿಂತ ದೊಡ್ಡ ಆಸ್ತಿ ಯಾವುದು?

ಕ್ಯಾಪ್ ಲೆಕ್ಕಿಗ
ಒಂದೇ ವರ್ಷ ಅಕ್ಕ. 2022ರಿಂದ ಅವನಿಗೆ ಸಿಯಾಟಲ್ ಕೊಟ್ಟಿದ್ದು ವರ್ಷಕ್ಕೆ 50 ಲಕ್ಷ. ನಾವು ಎಲ್ಲಿಂದ ತರೋದು? ಮತ್ತೆ ಮಝಿನ್ 2022ರ ಅಕ್ಟೋಬರ್‌ನಲ್ಲಿ ಕುತ್ತಿಗೆಗೆ ಪೆಟ್ಟು ಬಿದ್ದು ಆಟವನ್ನೇ ನಿಲ್ಲಿಸಿದ. ಆಗ ಹಾಲ್ ಇಲ್ಲದಿದ್ದರೆ ನೀವೇ ಬಂದು ಬೈಯುತ್ತಿದ್ದಿರಿ.

ಎಲೆಪ್ರೇಮಿ
ಹಾಲ್ ಇದ್ದಾಗಲೂ ಬೈದಿದ್ದೇವಲ್ಲ ಮಾರಾಯ.

ಗೋಲಿಸೋಡ
2023ರ ಬೇಸಿಗೆಯಲ್ಲಿ ಹಾಲ್ ಡೆಟ್ರಾಯ್ಟ್‌ಗೆ, ಕರ್‌ಫೂಟ್ ಅರಿಜೋನಾಗೆ. ಇಬ್ಬರಿಂದಲೂ ನಮಗೆ ವಾಪಸ್ ಬಂದಿದ್ದು ಸೊನ್ನೆ. ಮೆಕ್ಯಾನ್‌ನ 50 ಲಕ್ಷ ಕೊಡೋಕೆ ಆಗದಿದ್ದರೆ ಮಾರಬಹುದಿತ್ತು, ಏನಾದರೂ ಕೈಗೆ ಬರುತ್ತಿತ್ತು.

ಕ್ಯಾಪ್ ಲೆಕ್ಕಿಗ
ಹ್ಞೂಂ, ಮಾರೋ ವಿಷಯ ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅಷ್ಟರ ಮಟ್ಟಿಗೆ ನಿಮ್ಮದು ಸರಿ. ಹಾಲ್‌ನನ್ನು ಮಾತ್ರ ಬಿಟ್ಟುಕೊಡಲ್ಲ.

ಬಸವನಗುಡಿ ಹುಡುಗ
ಡೂಬಸ್ ಕೂಡ ಹಾಗೇ ಅಂದಿರಬೇಕು ಸರ್.